ಪ್ಯಾರಾಚೂಟ್ ಮಡಚುತ್ತಿದ್ದವಳ ಮನೆಯಲ್ಲಿ

ಅಲ್ಲಿ ಬೇಡ ಸಾಹೇಬ್ರೇ. ಆ ಕುರ್ಚಿಗೆ ಬೆನ್ನು ಸರಿಯಿಲ್ಲ. ನಿಮಗೂ ಬೆನ್ನು ಸರಿಯಿಲ್ಲ. ಇಬ್ಬರೂ ಸೇರಿ ಉರುಳ್ತೀರಿ. ಇಲ್ಲಿ ಮಂಚದ ಮೇಲೆ ಬನ್ನಿ. ಗೋಡೆಗೆ ಒರಗಿ. ಹಾಂ... ನಿಧಾನ.

ನಗು ಬಂದ್ರೆ ನಕ್ಕುಬಿಡಿ. ಪರವಾಗಿಲ್ಲ. ಸಾವಾದ ಮನೆ ಅಂತ ಹಾಗೆ ಬಿಗಿಯಾಗಿ ಕೂರ್ಬೇಡಿ. ಬಂದವರೆಲ್ಲ ಹಾಗೇ ಕೂರ್ತಾರೆ. ಬಸ್ಸಿಗೆ ಕಾದ ಹಾಗೆ.

ಹೂಂ. ಬಾಗಿಲಲ್ಲೇ ಹೇಳಿದೆನಲ್ಲ. ಹೋದ್ಲು. ನೀವಿನ್ನೂ ಆಸ್ಪತ್ರೆಯಲ್ಲಿದ್ರಿ ಆಗ. ಎದೆ... ಎದೆಗೆ ಏನೋ ಆಯ್ತು. ಉಸಿರಾಡೋಕೆ ಕಷ್ಟ ಆಯ್ತು. ಮೊದಲಿಂದಲೂ ಸ್ವಲ್ಪ ಕೆಮ್ಮು ಇತ್ತು ಅಂತ ಇಟ್ಕೊಳ್ಳಿ. ಕಾಯಿಲೆ. ಕಾಯಿಲೆ ಯಾರಿಗೆ ಬರೋದಿಲ್ಲ.

ನೀವು ಬಂದದ್ದು ಯಾಕೆ ಅಂತ ಗೊತ್ತು. ವಿಮಾನ ಬಿಟ್ಟು ಹಾರಿ ಬದುಕಿದವರು, ಆ ಪ್ಯಾರಾಚೂಟ್ ಮಡಚಿದವರ ಮನೆಗೆ ಒಂದ್ಸಲ ಬರ್ಬೇಕು. ಕೂತು ಒಂದು ಲೋಟ ಟೀ ಕುಡೀಬೇಕು. ಯಾರು ಶುರು ಮಾಡಿದ್ರೋ. ಎಲ್ಲೂ ಬರೆದಿಟ್ಟಿಲ್ಲ. ಆದ್ರೂ ಬರ್ತಾರೆ. ನೀವೂ ಬಂದ್ರಿ. ಒಳ್ಳೇದಾಯ್ತು. ಅವಳಿದ್ದಿದ್ರೆ... ಹೂಂ. ಇದ್ದಿದ್ರೆ ಕುಣಿದಾಡಿಬಿಡ್ತಿದ್ಲು.

ಪುಟ್ಟೀ! ಎರಡು ಟೀ ಇಡಮ್ಮಾ. ಸಾಹೇಬ್ರು ಬಂದಿದ್ದಾರೆ.

ನನ್ನ ನಾದಿನಿ. ಅವಳ ತಂಗಿ. ಅಕ್ಕನ್ನ ನೋಡಿಕೊಳ್ಳೋಕೆ ಅಂತ ಬಂದವಳು ಹಾಗೇ ಉಳಿದುಬಿಟ್ಟಿದ್ದಾಳೆ. ಹೋಗು ಅಂದ್ರೆ, ಭಾವ, ನೀವು ಒಲೆ ಹಚ್ಚಿ ಮರೆತುಬಿಡ್ತೀರಿ ಅಂತಾಳೆ. ಸುಳ್ಳಲ್ಲ. ಮೊನ್ನೆ ಹಾಲು ಉಕ್ಕಿ, ಆರಿ, ಪಾತ್ರೆ ಕಪ್ಪಾಯ್ತು. ನಾನು ಎದುರಿಗೇ ನಿಂತಿದ್ದೆ. ನೋಡ್ತಾನೇ ಇದ್ದೆ.

ಏನು? ಬಣ್ಣದ ವಾಸನೆಯಾ? ಹೂಂ, ಹೊಸ ಬಣ್ಣ. ವಾಯುನೆಲೆಯವರೇ ಹೊಡೆಸಿದ್ರು. ನಮ್ಮ ಸಾಲಿನ ಮನೆಗಳಿಗೆಲ್ಲ. ಹಿಂದಿನ ಗೋಡೆಗಳಿಗೆ ಮಾತ್ರ... ಅಲ್ಲ, ಎಲ್ಲ ಕಡೆಗೂ. ವರ್ಷಕ್ಕೊಮ್ಮೆ ಹೊಡೆಸ್ತಾರೆ. ಆ ಬಾಗಿಲಾ? ಅದು ಹಿತ್ತಿಲ ಬಾಗಿಲು. ಅದನ್ನ ತೆಗೆಯೋದಿಲ್ಲ. ಗೆದ್ದಲು ಹಿಡಿದಿದೆ. ಅದಕ್ಕೇ ಬೀರು ಅಡ್ಡ ಇಟ್ಟಿದ್ದು. ನೀವು ಈ ಕಡೆ ತಿರುಗಿ ಕೂತ್ಕೊಳ್ಳಿ, ಗಾಳಿ ಬರ್ತದೆ.

ನನ್ನ ಕೆಲಸವಾ? ಹುಲ್ಲು. ರನ್‌ವೇ ಪಕ್ಕದ ಹುಲ್ಲು ಕತ್ತರಿಸೋದು. ಟ್ರ್ಯಾಕ್ಟರ್ ಹೊಡೀತೀನಿ. ನೀವು ಮೇಲಿಂದ ನೋಡಿರ್ತೀರಿ. ಹಸಿರಿನ ಮೇಲೆ ಒಂದು ಕೆಂಪು ಇರುವೆ. ಅದೇ ನಾನು. ಹುಲ್ಲು ಎತ್ತರ ಬೆಳೆದ್ರೆ ಹಕ್ಕಿ ಬರ್ತವೆ. ಹಕ್ಕಿ ಬಂದ್ರೆ ಅಜ್ಜಿ ಹೊಟ್ಟೆಗೆ ಹೋಗ್ತವೆ. ಅಜ್ಜಿಗೆ ಹಕ್ಕಿ ಅರಗೋದಿಲ್ಲ.

ಅದಕ್ಕೆ ನಗ್ತೀರಾ? ನೀವೂ ಅಜ್ಜಿ ಅಂತಾನೇ ಅಂತೀರಾ? ಪೈಲಟ್‌ಗಳಿಗೆಲ್ಲ ಬೇರೆ ಹೆಸರು ಇರ್ತದೆ ಅಂದುಕೊಂಡಿದ್ದೆ. ನಾವು ಕೆಳಗಿನವರು ಆ ವಿಮಾನಕ್ಕೆ ಅಜ್ಜಿ ಅಂತೀವಿ. ನಾನು ಕೆಲಸಕ್ಕೆ ಸೇರಿದಾಗಲೇ ಅದಕ್ಕೆ ವಯಸ್ಸಾಗಿತ್ತು. ಬೆಳಿಗ್ಗೆ ಎಂಜಿನ್ ಹಚ್ಚಿದ್ರೆ ಮೊದಲು ಕೆಮ್ಮೋದು. ಆಮೇಲೆ ಹೊಗೆ. ಆಮೇಲೆ ಬೈಗುಳ... ಅದು ಮೆಕ್ಯಾನಿಕ್‌ಗಳದ್ದು. ಒಂದು ವಿಮಾನದ ಭಾಗ ಕೆಟ್ಟರೆ ಮೂಲೆಯಲ್ಲಿ ನಿಂತ ಇನ್ನೊಂದರಿಂದ ಕಿತ್ತು ತಂದು ಹಾಕೋದು. ಪ್ರತಿ ಸಲ ಇದೇ ಕೊನೇ ವರ್ಷ ಅಂತಾರೆ. ಆಮೇಲೆ ಮುಂದಕ್ಕೆ ಹಾಕ್ತಾರೆ. ನನಗೆ ವಯಸ್ಸಾದ್ರೆ ಮನೆಗೆ ಹೋಗಯ್ಯಾ ಅಂತಾರೆ. ಅಜ್ಜಿಗೆ ಮಾತ್ರ ಬಿಡುಗಡೆ ಇಲ್ಲ.

ಬೀಳ್ತದೆ. ಬೀಳ್ತಾನೇ ಬಂದಿದೆ. ಒಂದೇ ಎಂಜಿನ್ ಅಲ್ಲವಾ. ಅದು ನಿಂತ್ರೆ ಅಜ್ಜಿ ಕಲ್ಲು. ಹೊಸ ಪೈಲಟ್ ಬಂದ್ರೆ ನಮ್ಮ ಕ್ಯಾಂಟೀನಿನವನು ಊರು ಕೇರಿ ಅಂತ ವಿಚಾರಿಸೋದಿಲ್ಲ. ಪರಿಚಯ ಜಾಸ್ತಿ ಆದ್ರೆ ಆಮೇಲೆ ಕಷ್ಟ ಅಂತಾನೆ. ಒರಟ. ಆದ್ರೆ ನೀವು ಬಿದ್ದ ದಿನ ಅವನು ಒಲೆ ಆರಿಸಿ ಓಡಿ ಬಂದಿದ್ದ. ನಾನೇ ನೋಡಿದೆ.

ಹೂಂ, ನಾನು ಅಲ್ಲೇ ಇದ್ದೆ. ಹುಲ್ಲಿನಲ್ಲಿ. ಶಬ್ದ ನಿಂತುಹೋಯ್ತು. ನಮಗೆ ಶಬ್ದ ಬಂದ್ರೆ ಕಿವಿಗೆ ಬೀಳೋದಿಲ್ಲ ಸಾಹೇಬ್ರೇ, ನಿಂತ್ರೆ ಬೀಳ್ತದೆ. ತಲೆ ಎತ್ತಿದೆ. ಅಜ್ಜಿ ಸುಮ್ಮನೆ ತೇಲ್ತಿದ್ದಾಳೆ. ಆಮೇಲೆ ಮೂಗು ಕೆಳಗೆ ಮಾಡಿದ್ಲು. ನಾನು ಟ್ರ್ಯಾಕ್ಟರ್ ಮೇಲೆ ಎದ್ದು ನಿಂತೆ. ಕುರ್ಚಿ ಹಾರಿಸೋ ಹಿಡಿಕೆ ಇರ್ತದಲ್ಲ, ಅದನ್ನ ಎಳಿ, ಎಳಿ, ಎಳಿ ಅಂತ ಕೂಗಿದೆ. ನಿಮಗೆ ಕೇಳಿಸ್ತದಾ ಅದು! ಆದ್ರೂ ಕೂಗಿದೆ. ಪಟ್ ಅಂತ ಏನೋ ಹಾರ್ತು. ಒಂದು ಚುಕ್ಕೆ. ಚುಕ್ಕೆ ಉರುಳ್ತು, ಉರುಳ್ತು... ಆಮೇಲೆ ಅರಳ್ತು. ಬಿಳಿ, ಕೇಸರಿ, ಬಿಳಿ, ಕೇಸರಿ. ನಮ್ಮವಳದ್ದು! ಅಂತ ಕೂಗಿದೆ. ಯಾರೂ ಇರ್ಲಿಲ್ಲ ಪಕ್ಕದಲ್ಲಿ. ನಮ್ಮವಳು ಮಡಚಿದ್ದು ಕಣ್ರೋ ಅಂತ ಹುಲ್ಲಿಗೆ ಹೇಳಿದೆ.

ಅಜ್ಜಿಯಾ? ಅದು ಆ ಕಡೆ ಹೋಯ್ತು. ಮರಗಳ ಹಿಂದೆ. ನಾನು ನೋಡ್ಲಿಲ್ಲ. ನಿಮ್ಮನ್ನೇ ನೋಡ್ತಿದ್ದೆ. ಖಾಲಿ ಜಾಗದಲ್ಲಿ ಬಿತ್ತಂತೆ. ನಿಮಗೂ ಹಾಗೇ ಹೇಳಿದ್ರಲ್ಲ? ಯಾರಿಗೂ ಏನೂ ಆಗ್ಲಿಲ್ಲ. ತಂತಿ ಮೇಲೆ ಒಣಗೋಕೆ ಹಾಕಿದ ನಾಲ್ಕು ಬಟ್ಟೆ ಸುಟ್ಟವಂತೆ. ಬಟ್ಟೆ ಏನು, ಬರ್ತವೆ.

ಇರಿ, ಟೀ ಯಾಕೆ ಬರ್ಲಿಲ್ಲ ನೋಡ್ತೀನಿ. ಏಳ್ಬೇಡಿ. ನೀವು ಏಳ್ಬೇಡಿ ಅಂದೆ.

...

ಯಾಕೆ ಪುಟ್ಟೀ? ಸಕ್ಕರೆ ಡಬ್ಬಿ ಹಿಡ್ಕೊಂಡು ಅಳ್ತಿದ್ದೀಯ. ನಲ್ಲಿ ತಿರುಗಿಸು. ಇನ್ನೂ ಜೋರಾಗಿ. ಕೇಳಿಸ್ಬಾರದು ಅವನಿಗೆ.

ಅವನಿಗೆ ಗೊತ್ತಿಲ್ಲ ಕಣೇ. ಹೂಂ, ಅವನೇ ಆ ಪೈಲಟ್. ನಿಮ್ಮಕ್ಕ ಹಿತ್ತಿಲಲ್ಲಿ ಬಟ್ಟೆ ತೆಗೀತಿದ್ಲು, ಅಜ್ಜಿ ಬೇಲಿಯಾಚೆಗೇ ಬಂದು ಬಿತ್ತು, ಬೆಂಕಿ ಅವಳಿಗೆ ತಗುಲ್ತು, ಇದು ಅವನಿಗೆ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಯಾರೂ ಹೇಳಿಲ್ಲ. ದೊಡ್ಡ ಸಾಹೇಬ್ರು ಬೇಡ ಅಂದಿದ್ರಂತೆ. ಕಾಗದದಲ್ಲೂ ಇಲ್ಲ. ಸುಟ್ಟ ದಿನ ಹೋಗ್ಲಿಲ್ಲವಲ್ಲ ಅವಳು. ತಿಂಗಳು ದಾಟಿ ಹೋದ್ಲು. ತಿಂಗಳೊಳಗೆ ಹೋದ್ರೆ ಅಪಘಾತ, ಆಮೇಲೆ ಹೋದ್ರೆ ಕಾಯಿಲೆ. ಹಾಗಂತೆ ಅವರ ಲೆಕ್ಕ. ವಿಮಾನ ಒಂದು ಹೋಯ್ತು, ಪೈಲಟ್ ಕ್ಷೇಮ, ಜೀವಹಾನಿ ಇಲ್ಲ. ಮುಗೀತು. ಗೇಟಿನ ಹತ್ರ ಫಲಕ ಇದೆಯಲ್ಲ, ಜೀವಹಾನಿ ಇಲ್ಲದೆ ಇಷ್ಟು ದಿನ ಅಂತ. ಅದನ್ನ ಸೊನ್ನೆಗೆ ತಿರುಗಿಸಲೇ ಇಲ್ಲ. ನಿಮ್ಮಕ್ಕನ್ನ ಹೊತ್ತುಕೊಂಡು ಅದೇ ಗೇಟಿನಲ್ಲಿ ಹೊರಗೆ ಹೋದ್ವಿ. ಮಾರನೇ ದಿನ ಒಂದು ಜಾಸ್ತಿ ಆಗಿತ್ತು.

ಬೈಬೇಕಾ? ಯಾರನ್ನ, ಅವನನ್ನಾ? ಸುಮ್ಮನಿರು. ಹೇಳ್ಬೇಡಿ ಅಂದದ್ದು ನಿಮ್ಮಕ್ಕನೇ. ನೀನು ಔಷಧಿ ತರೋಕೆ ಹೋಗಿದ್ದೆ. ತುಟಿ ಅಂಟಿಕೊಂಡಿತ್ತು. ಒದ್ದೆ ಬಟ್ಟೆ ಇಟ್ಟು ಬಿಡಿಸಿದೆ. ಆ ಹುಡುಗನಿಗೆ ಹೇಳ್ಬೇಡಿ, ಅಂದ್ಲು. ಯಾಕೆ ಅಂದೆ. ಅವನು ಮತ್ತೆ ಹಾರ್ತಾನಲ್ಲ, ಅಂದ್ಲು. ಗೊತ್ತಾದ್ರೆ ಮುಂದಿನ ಸಲ ಎಳೆಯೋದಿಲ್ಲ. ಕೆಳಗೆ ಮನೆ ಇದೆಯಾ, ಯಾರಾದ್ರೂ ಇದ್ದಾರಾ ಅಂತ ನೋಡ್ತಾ ಕೂರ್ತಾನೆ. ಅಷ್ಟರಲ್ಲಿ ಮುಗೀತದೆ... ಇಷ್ಟು ಹೇಳೋಕೆ ಅರ್ಧ ಗಂಟೆ ಬೇಕಾಯ್ತು ಅವಳಿಗೆ. ಅದಾದ ಮೇಲೆ ಬೇರೇನೂ ಹೇಳ್ಲಿಲ್ಲ. ನನಗೆ ಅಂತ ಏನೂ ಹೇಳ್ಲಿಲ್ಲ.

ಹಾರ್ತಾನಂತೆ ಕಣೇ. ಬರೋ ತಿಂಗಳು. ಇನ್ನೊಂದು ಅಜ್ಜಿಯಲ್ಲಿ. ಬಾಗಿಲಲ್ಲೇ ಹೇಳಿದ. ಡಾಕ್ಟರ್ ಒಪ್ಪಿದ್ರಂತೆ.

ಮುಖ ತೊಳ್ಕೋ. ಹೊರಗೆ ಬರ್ಬೇಡ. ಟೀ ನಾನೇ ಒಯ್ತೀನಿ. ನಲ್ಲಿ ನಿಲ್ಲಿಸು ಆಮೇಲೆ.

...

ತಗೊಳ್ಳಿ. ಬಿಸಿ ಇದೆ, ಲೋಟದ ಅಂಚು ಹಿಡೀರಿ. ಅವಳಿಗೆ... ನಾದಿನಿಗೆ ನೆಗಡಿ. ಅದಕ್ಕೇ ಮೂಗು ಎಳೆಯೋ ಸದ್ದು. ನಲ್ಲಿ ವಾಷರ್ ಹೋಗಿದೆ, ಬಿಟ್ರೆ ಊರಿಗೆಲ್ಲ ಕೇಳಿಸ್ತದೆ.

ಹೇಳ್ತಿದ್ದೆನಲ್ಲ. ಅವಳ ವಿಷಯ.

ಮಡಚೋವಾಗ ಅವಳು ಮಾತಾಡ್ತಿರ್ಲಿಲ್ಲ. ಉದ್ದನೇ ಮೇಜು. ಅದರ ಮೇಲೆ ಪ್ಯಾರಾಚೂಟ್ ಹಾಸಿರೋದು. ಮಡಿಕೆ ಜಾರದ ಹಾಗೆ ಪುಟ್ಟ ಪುಟ್ಟ ಮರಳ ಚೀಲ ಇಡೋಳು. ಮಧ್ಯದಲ್ಲಿ ಯಾರಾದ್ರೂ ಕರೆದ್ರೆ ಒಂದು ಬೆರಳು ಎತ್ತೋಳು. ಇರು ಅಂತ. ಆದ್ರೂ ಮಾತಾಡಿಸಿದ್ರೋ, ಮುಗೀತು. ಮಡಚಿದ್ದಷ್ಟನ್ನೂ ಬಿಚ್ಚಿ ಮತ್ತೆ ಮೊದಲಿಂದ. ಒಂದ್ಸಲ ದೊಡ್ಡ ಸಾಹೇಬ್ರೇ ಬಂದು ಶಹಬ್ಬಾಸ್ ಅಂದುಬಿಟ್ರು. ಅವರ ಎದುರಿಗೇ ಬಿಚ್ಚಿ ಹಾಕಿದ್ಲು. ಅವರು ಆಮೇಲೆ ಆ ಕಡೆ ತಲೆ ಹಾಕ್ಲಿಲ್ಲ. ಮುಗಿದ ಮೇಲೆ ಮರಳ ಚೀಲ ಎಣಿಸೋಳು. ಒಂದು ಕಮ್ಮಿ ಇದ್ರೆ ಒಳಗೇ ಉಳಿದಿದೆ ಅಂತ ಅರ್ಥ. ಮತ್ತೆ ಬಿಚ್ಚೋದು.

ನಾನು ಮೊದಲ ಸಲ ನೋಡಿದಾಗಲೂ ಬೆರಳೇ ಎತ್ತಿದ್ಲು. ಕಿಟಕಿ ಹತ್ರ ಹುಲ್ಲು ಕತ್ತರಿಸ್ಬೇಕಿತ್ತು, ಧೂಳು ಬರ್ತದೆ, ಮುಚ್ಚಿಕೊಳ್ಳಿ ಅಂತ ಹೇಳೋಕೆ ಹೋದೆ. ಬೆರಳು. ನಿಂತೆ. ನಿಂತೇ ಇದ್ದೆ. ಮುಗಿಸಿ ತಿರುಗಿ, ಇನ್ನೂ ಇಲ್ಲೇ ಇದ್ದೀರಾ! ಅಂದ್ಲು. ನಮ್ಮ ಮದುವೆ ಆದದ್ದೂ ಹಾಗೇ ಸಾಹೇಬ್ರೇ. ನಿಂತೂ ನಿಂತೂ.

ಮನೇಲಿ ಮಾತ್ರ ಒಂದು ಕರವಸ್ತ್ರ ಮಡಚಿದವಳಲ್ಲ. ಇಡೀ ದಿನ ಅದೇ ಕೆಲಸ, ಮನೇಲೂ ಅದೇನಾ ಅನ್ನೋಳು. ಬಟ್ಟೆ ಮಡಚೋದು ನನ್ನ ಪಾಲು. ಅದೂ ಅವಳ ಎದುರಿಗೆ. ಟವೆಲ್ ಮಡಚೋವಾಗಲೂ ಪಕ್ಕದಲ್ಲಿ ನಿಂತು, ರೀ, ಇದನ್ನ ಕಟ್ಟಿಕೊಂಡು ಹಾರಿದವನು ನೇರ ಪಾತಾಳಕ್ಕೇ ಅನ್ನೋಳು. ಟವೆಲ್ ಕಟ್ಟಿಕೊಂಡು ಯಾರೇ ಹಾರ್ತಾರೆ ಅಂದ್ರೆ, ನಿಮ್ಮನ್ನ ನಂಬೋಕಾಗೋದಿಲ್ಲ ಅನ್ನೋಳು.

ಈಗ ಬಟ್ಟೆ ಮಡಚಿಲ್ಲ. ನೋಡ್ತಿದ್ದೀರಲ್ಲ, ಆ ಮೂಲೆಯಲ್ಲಿ ಗುಡ್ಡೆ. ಅದರಿಂದಲೇ ಎಳೆದು ಹಾಕ್ಕೊಳ್ತೀನಿ, ಅದಕ್ಕೇ ಎಸೀತೀನಿ. ಪುಟ್ಟಿ ಮುಟ್ಟೋಕೆ ಬಂದ್ರೆ ಬೇಡ ಅಂತೀನಿ. ಯಾಕೆ ಅಂತ ನನಗೂ ಗೊತ್ತಿಲ್ಲ.

ಇಲ್ಲ. ಅತ್ತಿಲ್ಲ. ಎಲ್ಲರೂ ಕೇಳ್ತಾರೆ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರ್ತದಲ್ಲ, ಹಾಗಿದೆ. ಕಚ್ಚಿಕೊಂಡ್ರೂ ಗೊತ್ತಾಗೋದಿಲ್ಲ. ಕೆನ್ನೆ ನನ್ನದೇನಾ ಅಂತ ಮುಟ್ಟಿ ನೋಡ್ಕೋಬೇಕು. ಸರಿಹೋಗ್ತದೆ ಅಂತಾರೆ. ಸರಿಹೋಗೋದು ಅಂದ್ರೆ ನೋವು ಶುರುವಾಗೋದು ತಾನೆ. ಅವಸರ ಏನಿದೆ.

ಟೀ ಕುಡೀರಿ. ಆರಿಹೋಗ್ತದೆ.

ನಿಮಗಿಂತ ಮುಂಚೆ ಒಬ್ಬರು ಬಂದಿದ್ರು. ದಪ್ಪನೆಯ ಪೈಲಟ್. ಈಗ ಎಲ್ಲೋ ದೊಡ್ಡ ಹುದ್ದೆಯಲ್ಲಿದ್ದಾರೆ. ಈ ಮಂಚದ ಮೇಲೇ ಕೂತಿದ್ರು. ಅವಳು ಟೀ ಕೊಟ್ಟು ನೆಲದ ಮೇಲೆ ಕೂತ್ಲು. ಹೇಗೆ ತೆರೀತು, ಹೇಳಿ, ಅಂದ್ಲು. ಅದೇ ಅವಳ ಆಸೆ. ತಾನು ಮಡಚಿದ್ದು ತೆರೆಯೋದನ್ನ ಅವಳು ನೋಡೇ ಇರ್ಲಿಲ್ಲ. ಅವರು ಎರಡೂ ಕೈ ಎತ್ತಿ ಮಾಡಿ ತೋರಿಸಿದ್ರು. ಹೀಗೆ ಎಸೀತು, ಹೀಗೆ ತಿರುಗಿದೆ, ಆಮೇಲೆ ಭುಜ ಕಿತ್ತುಬಂದ ಹಾಗೆ ಒಂದು ಎಳೆತ. ಅವಳು ಮತ್ತೊಂದ್ಸಲ ಅಂದ್ಲು. ಮತ್ತೆ ತೋರಿಸಿದ್ರು. ಮಗು ಕಥೆ ಕೇಳೋ ಹಾಗೆ. ಕೊನೆಗೆ ಸುಸ್ತಾಗಿ ಇಲ್ಲೇ ಒರಗಿ ಗೊರಕೆ ಹೊಡೆದ್ರು. ನಾವಿಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತಿದ್ವಿ, ಸದ್ದು ಮಾಡದೆ. ನೋಡ್ರೀ, ಗೊರಕೆ ಎಷ್ಟು ಜೋರು, ಅಂದ್ಲು. ಅವರಮ್ಮನಿಗಿಂತ ಹೆಚ್ಚು ಖುಷಿ ಇವಳಿಗೆ.

ನನಗೂ ಒಂದ್ಸಲ ತೋರಿಸಿ. ಅವಳ ಬದಲು ನಾನು ನೋಡ್ತೀನಿ. ಕೈ ಎತ್ತೋಕಾಗ್ತದಾ? ನೋವಾದ್ರೆ ಬೇಡ.

ಹೂಂ... ಎಳೆದ್ರಿ. ಮೇಲಕ್ಕೆ. ಕುರ್ಚಿ ಸಮೇತ... ಸರಿ. ತಲೆ ಕೆಳಗಾಯ್ತು. ಹೂಂ... ಕುರ್ಚಿ ಬಿಟ್ಟುಹೋಯ್ತು. ಹಾಂ, ಅರಳ್ತು! ಎರಡೂ ಕೈ ಹೀಗೆ. ಎಳೆತ. ಆಮೇಲೆ ತೂಗಾಟ. ತೂಗ್ತಾ ತೂಗ್ತಾ... ಈ ಕಡೆ... ಆ ಕಡೆ... ಕೆಳಗೆ ನೋಡಿದ್ರಿ...

ಯಾಕೆ ಕೈ ನಿಲ್ಲಿಸಿದ್ರಿ?

ಸರಿ, ಸರಿ, ಬಿಡಿ. ಬೆನ್ನು ಹಿಡಿದುಕೊಳ್ತು ಅಂತ ಕಾಣ್ತದೆ. ಕೈ ಇಳಿಸಿ. ಹಾರಿದವರೆಲ್ಲ ಒಂದು ಬೆರಳಷ್ಟು ಕುಳ್ಳಗಾಗ್ತಾರಂತೆ, ಹೌದಾ? ಮೂಳೆ ಕುಗ್ಗಿ. ನೀವು ಎತ್ತರ ಇದ್ದೀರಿ, ನಿಮಗೇನೂ ಕಮ್ಮಿ ಆಗೋದಿಲ್ಲ. ನಾನು ಹಾರಿದ್ರೆ ಟ್ರ್ಯಾಕ್ಟರ್ ಹತ್ತೋಕೆ ಏಣಿ ಬೇಕಾಗ್ತದೆ.

ನಗ್ಲಿಲ್ಲ ನೀವು. ಹೋಗ್ಲಿ.

ಬಾರದವರ ವಿಷಯ ಹೇಳ್ತೀನಿ. ಹಾಡುಗಾರ ಅಂತ ಒಬ್ಬನಿದ್ದ. ನಿಮಗಿಂತ ಹಳಬ. ಕ್ಯಾಂಟೀನಿನಲ್ಲಿ ತಟ್ಟೆ ಬಡಿದು ಹಾಡೋನು, ಅದಕ್ಕೇ ಆ ಹೆಸರು. ಅವನ ಅಜ್ಜಿಗೂ ಹೀಗೇ ಆಯ್ತು. ಎಂಜಿನ್ ನಿಂತುಹೋಯ್ತು. ಟವರಿನ ಮೇಲಿನ ಕೋಣೆಯಿಂದ ರೇಡಿಯೋದಲ್ಲಿ ಕೂಗಿದ್ರಂತೆ, ಬಿಡು, ಹಾರು ಅಂತ. ಕೆಳಗೆ ಮನೆಗಳಿವೆ ಅಂದನಂತೆ. ದಾಟಿಸ್ತೀನಿ ಅಂದನಂತೆ. ದಾಟಿಸಿದ. ತಾನು ದಾಟ್ಲಿಲ್ಲ.

ಅವನ ಪ್ಯಾರಾಚೂಟ್ ಅವಳ ಮೇಜಿಗೆ ವಾಪಸ್ ಬಂತು. ತನಿಖೆಯವರು ಸುತ್ತ ನಿಂತಿದ್ರು, ಸರಿಯಾಗಿ ಮಡಚಿತ್ತಾ ನೋಡೋಕೆ. ಅರ್ಧ ಸುಟ್ಟಿತ್ತು. ಉಳಿದ ಅರ್ಧ ಅವಳು ಮಡಚಿದ್ದು ಮಡಚಿದ ಹಾಗೇ. ಒಂದು ಮಡಿಕೆ ಕದಲಿರ್ಲಿಲ್ಲ. ಸರಿಯಿದೆ ಅಂತ ಬರ್ಕೊಂಡು ಹೋದ್ರು. ಅವಳು ಮನೆಗೆ ಬಂದು ಸ್ನಾನ ಮಾಡಿ, ತೆರೆಯೋಕೆ ಬಿಡ್ಲೇ ಇಲ್ಲ ಕಣ್ರೀ ಪುಣ್ಯಾತ್ಮ, ಅಂದ್ಲು.

ಪೇಪರಿನಲ್ಲಿ ಫೋಟೋ ಬಂತು. ಒಂದು ರಸ್ತೆಗೆ ಅವನ ಹೆಸರಿಟ್ರು. ಹಾರ, ಭಾಷಣ. ಇವಳು ಹೋಗ್ಲಿಲ್ಲ. ಅವನ ಹೆಂಡ್ತಿ ಆ ರಸ್ತೆ ತಗೊಂಡು ಏನು ಮಾಡ್ಬೇಕು ಅಂದ್ಲು. ಅಜ್ಜಿಯಲ್ಲಿ ಹೋದವರಲ್ಲಿ ತುಂಬಾ ಜನ ಹಾಗೇ ಹೋದದ್ದು ಸಾಹೇಬ್ರೇ. ಅಜ್ಜಿ ಕೊಂದದ್ದಲ್ಲ. ಕಾದು ಹೋದದ್ದು. ಇನ್ನೊಂದು ಗಳಿಗೆ, ಇನ್ನೊಂದು ಗಳಿಗೆ ಅಂತ. ಹೊಸ ಹುಡುಗರು ಬಂದಾಗ ಪ್ಯಾರಾಚೂಟ್ ಪಟ್ಟಿಗೆ ಅಳತೆ ಕೊಡೋಕೆ ಅವಳ ಹತ್ರ ಬರ್ತಿದ್ರಲ್ಲ, ಪಟ್ಟಿ ಬಿಗಿ ಮಾಡ್ತಾ ಮಾಡ್ತಾ ಹೇಳೋಳು. ಬೇಗ ಎಳೀಬೇಕು ಮಗಾ. ಅಜ್ಜಿಯನ್ನ ಮತ್ತೆ ಮಾಡ್ಬಹುದು, ನಿನ್ನನ್ನ ಮಾಡೋಕಾಗೋದಿಲ್ಲ. ನಿಮಗೂ ಹೇಳಿರ್ಬೇಕು.

ಹೇಳಿದ್ಲಾ?... ಹೂಂ. ಎಲ್ಲರಿಗೂ ಹೇಳ್ತಿದ್ಲು.

ನೀವು ಅವಳ ಮಾತು ಕೇಳಿದ್ರಿ. ಬೇಗ ಎಳೆದ್ರಿ. ಅದಕ್ಕೇ ಇಲ್ಲಿ ಕೂತಿದ್ದೀರಿ. ಒಳ್ಳೇ ಕೆಲಸ ಮಾಡಿದ್ರಿ. ಇದನ್ನ ನಾನು ಎದುರಿಗೆ ಕೂತು ಹೇಳ್ಬೇಕು ಅಂತ ಇತ್ತು. ಹೇಳಿದೆ. ಒಳ್ಳೇ ಕೆಲಸ ಮಾಡಿದ್ರಿ.

ಬರೋ ತಿಂಗಳು ಹಾರ್ತೀರಂತಲ್ಲ. ಅವಳ ಜಾಗಕ್ಕೆ ಹೊಸಬಳು ಬಂದಿದ್ದಾಳೆ. ನಮ್ಮವಳೇ ಕಲಿಸಿದ ಹುಡುಗಿ. ಮರಳ ಚೀಲ ಎಣಿಸ್ತಾಳೆ, ನಾನು ಕಿಟಕಿಯಿಂದ ನೋಡಿದೀನಿ. ನಂಬಬಹುದು. ತೆರೀತದೆ. ತೆರೆಯೋ ಹಾಗೆ ಮಡಚೋದು ಅವಳ ಕೆಲಸ. ಎಳೆಯೋದು ಮಾತ್ರ ನಿಮ್ಮದು.

ಒಂದು ಮಾತು ಕೊಡಿ ನನಗೆ. ದೊಡ್ಡದಲ್ಲ. ಅಜ್ಜಿ ಮತ್ತೆ ನಿಂತ್ರೆ ಬೇಗ ಎಳೀತೀನಿ ಅನ್ನಿ. ಕೆಳಗೆ ನೋಡೋದಿಲ್ಲ, ಎಳೀತೀನಿ ಅನ್ನಿ.

...

ಹೂಂ ಅಂದ್ರೂ ಸಾಕು.

...

ಸಾಹೇಬ್ರೇ?

ಯಾಕೆ ಲೋಟ ಕೆಳಗಿಟ್ರಿ. ಕುಡಿದೇ ಇಲ್ಲ ನೀವು. ಒಂದು ಗುಟುಕೂ ಇಲ್ಲ... ಇಲ್ಲಿ ನೋಡಿ. ಹಿತ್ತಿಲ ಕಡೆ ಏನಿದೆ, ಈ ಕಡೆ ನೋಡಿ. ಅಲ್ಲಿ ಏನೂ ಇಲ್ಲ ಅಂದೆನಲ್ಲ. ಗೆದ್ದಲು.

...

ಒಂದು ನಿಮಿಷ.

ನೀವು ಕೇಳ್ಲೇ ಇಲ್ಲ. ಅವಳು ಹೇಗೆ ಹೋದ್ಲು ಅಂತ. ಹಾಲಿನವನೂ ಕೇಳಿದ. ಬಣ್ಣ ಹೊಡೆಯೋಕೆ ಬಂದವನೂ ಕೇಳಿದ. ನೀವು ಕೇಳ್ಲಿಲ್ಲ. ಎದೆ, ಕೆಮ್ಮು ಅಂತ ನಾನೇ ಹೇಳ್ಕೊಂಡು ಹೋದೆ, ನೀವು ತಲೆ ಬಗ್ಗಿಸಿ ಕೇಳಿಸಿಕೊಂಡ್ರಿ. ಈ ಮನೆಗೆ ಬರೋವಾಗ ಎಲ್ಲರೂ ಸಿಹಿ ತರ್ತಾರೆ. ಆ ದಪ್ಪನೆಯವರು ಡಬ್ಬಿ ಡಬ್ಬಿ ತಂದಿದ್ರು. ನೀವು ಬರಿಗೈಲಿ ಬಂದ್ರಿ. ಆಸ್ಪತ್ರೆಯಿಂದ ನೇರ ಬಂದಿದ್ದಾರೆ, ಮರೆತಿರ್ಬೇಕು ಅಂದುಕೊಂಡೆ.

ಮರೆತಿರ್ಲಿಲ್ಲ.

ಗೊತ್ತಿದ್ದೇ ಬಂದ್ರಿ.

...

ಮೇಲಿಂದಲೇ ನೋಡಿದ್ರಾ? ತೂಗ್ತಾ ಇದ್ದಾಗ? ತಂತಿ ಕಾಣಿಸ್ತಾ? ಬಟ್ಟೆ? ಅವಳೇ ಅಂತ ಅಲ್ಲ, ಯಾರೋ ಇದ್ದಾರೆ ಅಂತ...

ಬೇಡ. ಹೇಳ್ಬೇಡಿ. ಹೇಳಿದ್ರೆ ನಾನೂ ನೋಡ್ಬೇಕಾಗ್ತದೆ.

ಅವಳು ಬಚ್ಚಿಡಿ ಅಂದಿದ್ಲು. ಬಚ್ಚಿಡೋಕೆ ಬರ್ಲಿಲ್ಲ ನನಗೆ. ನೀವು ಅದನ್ನ ಬರೋವಾಗಲೇ ಹೊತ್ತುಕೊಂಡು ಬಂದಿದ್ರಿ, ನಾನು ಬೀರು ಅಡ್ಡ ಇಟ್ಟುಕೊಂಡು ಕೂತಿದ್ದೆ.

ತಲೆ ಎತ್ತಿ. ಕಾಲು ಬಿಡಿ, ಕಾಲು ಬಿಡಿ ಸಾಹೇಬ್ರೇ, ಏನಿದು... ಬೆನ್ನು ಬಗ್ಗಿಸ್ಬೇಡಿ, ಡಾಕ್ಟರ್ ಬೈತಾರೆ. ಮೇಲೆ ಕೂತ್ಕೊಳ್ಳಿ. ಪುಟ್ಟೀ, ಬರ್ಬೇಡ, ಅಲ್ಲೇ ಇರು. ಏನೂ ಆಗಿಲ್ಲ.

ಸಿಟ್ಟಿಲ್ಲ ನನಗೆ. ಇದ್ರೂ ಇನ್ನೂ ಬಂದಿಲ್ಲ. ಬಂದ ಮೇಲೆ ಏನು ಮಾಡ್ತೀನೋ ಗೊತ್ತಿಲ್ಲ. ಆಗ ಈ ಕಡೆ ಬರ್ಬೇಡಿ. ಈಗ ಕೇಳಿ. ಅವಳು ಮಡಚಿದ್ದು ಸರಿ. ನೀವು ಎಳೆದದ್ದು ಸರಿ. ಎರಡೂ ಸರಿ. ಹಾಗಿದ್ರೂ ಹೀಗಾಯ್ತು. ಅಷ್ಟೇ ನನಗೆ ಅರ್ಥ ಆಗಿದ್ದು. ಇದಕ್ಕಿಂತ ಜಾಸ್ತಿ ಯಾರಾದ್ರೂ ಓದಿದವರನ್ನ ಕೇಳಿ.

ಆದ್ರೆ ಅನ್ನಿ. ಎಳೀತೀನಿ ಅನ್ನಿ.

...

ಹಾಡುಗಾರನ ಹಾಗೆ ರಸ್ತೆ ಆಗ್ಬೇಕು ಅಂತ ಬಂದಿದ್ದೀಯೇನೋ? ಅದನ್ನ ಹೇಳಿ ಹೋಗೋಕೆ ಬಂದೆಯಾ ಈ ಮನೆಗೆ? ನನ್ನ ಹತ್ರ ಒಪ್ಪಿಗೆ ಕೇಳೋಕೆ?

ಸುಮ್ಮನಿರ್ಬೇಡಪ್ಪಾ. ಬಾಯಿ ಬಿಡು. ಎಳೀತೀನಿ ಅನ್ನು. ಅವಳು ಇನ್ನೇನೂ ಕೇಳ್ಲಿಲ್ಲ, ಅದೊಂದೇ ಕೇಳಿದ್ದು.

...

ಅನ್ನೋದಿಲ್ಲ.

ಸರಿ. ಹಾಗಾದ್ರೆ ಕೂತಿರು. ಇಲ್ಲೇ ಕೂತಿರು. ಪುಟ್ಟೀ, ಇವರ ಟೀ ಆರಿದೆ, ಬೇರೆ ಇಡು. ಬಾಗಿಲು ಹಾಕ್ತೀನಿ ನಾನು. ನೀನು ಅನ್ನೋವರೆಗೂ ಇಲ್ಲೇ ಎದುರಿಗೆ ಕೂತಿರ್ತೀನಿ. ಎಷ್ಟು ಹೊತ್ತಾದ್ರೂ ಆಗ್ಲಿ. ನನಗೆ ಬೇರೆ ಕೆಲಸ ಇಲ್ಲ.